ಗಾಡಿ ನಿಲ್ಲುತ್ತಿದ್ದ ಊರುಗಳು

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟರೆ ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಸವಣೂರು, ಕರ್ಜಗಿ. ಗದಗಿನ ಕಡೆ ಹೊರಟರೆ ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ. ಗದಗ ದಾಟಿ ಹೋಟಗಿ ದಾರಿ ಹಿಡಿದರೆ ಹೊಳೆಆಲೂರು. ದೂರದ ಗಾಡಿಯ ಕಿಟಕಿಯಲ್ಲಿ ಕೂತವರಿಗೆ ಇವುಗಳಲ್ಲಿ ಹೆಚ್ಚಿನವು ಹಳದಿ ಹಲಗೆಯ ಮೇಲಿನ ಕರಿ ಅಕ್ಷರ ಮಾತ್ರ. ಪೂರಾ ಓದುವಷ್ಟರಲ್ಲಿ ಹಲಗೆ ಹಿಂದೆ ಹೋಗಿರುತ್ತದೆ.

ಈ ಠೇಶನ್ ಊರುಗಳ ಬಗ್ಗೆ ನಮ್ಮ ಕಡೆ ಒಂದು ಮಾತು ರೂಢಿಯಲ್ಲಿದೆ: ರೈಲು ಬಂತು, ಊರು ಬೆಳೆಯಿತು, ಬಸ್ಸು ಲಾರಿ ಬಂದವು, ಊರು ಬಡವಾಯಿತು. ಅರ್ಧ ನಿಜ. ಯಾಕೆಂದರೆ ರೈಲು ಎಲ್ಲಿಗೂ ಹೋಗಿಲ್ಲ. ಅದೇ ಹಳಿಯ ಸಾಲಿನಲ್ಲಿ ಹಿಂದಿಗಿಂತ ಉದ್ದದ, ಹಿಂದಿಗಿಂತ ಭಾರದ ಗಾಡಿಗಳು ಹಗಲು ರಾತ್ರಿ ಓಡುತ್ತಿವೆ. ಊರಿಗೆ ಅನ್ನ ಹಾಕಿದ್ದು ಗಾಡಿಯ ಓಟವಲ್ಲ, ಗಾಡಿಯ ನಿಲುಗಡೆ. ಆ ನಿಲುಗಡೆಗೆ ಹಿಂದೆ ಕಾರಣಗಳಿದ್ದವು: ನೀರು, ಟೋಕನ್, ಎದುರು ಗಾಡಿ, ವ್ಯಾಗನ್ ತುಂಬುವುದು. ಒಂದೊಂದು ಸುಧಾರಣೆ ಒಂದೊಂದು ಕಾರಣವನ್ನು ಕಿತ್ತುಕೊಂಡು ಹೋಯಿತು. ಈ ಲೆಕ್ಕ ಹಿಡಿಯದೆ ಠೇಶನ್ ಊರಿನ ಕಥೆ ಅರ್ಥವಾಗುವುದಿಲ್ಲ.

ಶುರುವಾದದ್ದು ಬರದಿಂದ. 1876ರಿಂದ 78ರವರೆಗೆ ಬಿದ್ದ ಧಾತು-ಈಶ್ವರ ಬರದಲ್ಲಿ ಈ ಸೀಮೆಯ ಜನ ಸತ್ತದ್ದು ದೇಶದಲ್ಲಿ ಕಾಳು ಇಲ್ಲದ್ದಕ್ಕಷ್ಟೇ ಅಲ್ಲ, ಇದ್ದ ಕಾಳು ಇಲ್ಲಿಗೆ ಮುಟ್ಟದ್ದಕ್ಕೆ. ಎತ್ತಿನ ಗಾಡಿಯಲ್ಲಿ ಕಾಳು ತರಬೇಕೆಂದರೆ ದಾರಿಯಲ್ಲಿ ಎತ್ತಿಗೆ ಮೇವು, ನೀರು ಬೇಕು. ಬರದಲ್ಲಿ ಅವೇ ಇರುವುದಿಲ್ಲ. 1880ರ ಬರ ಆಯೋಗ ಇಂಥ ಸೀಮೆಗಳಿಗೆ ರೈಲು ಹಾಕಲೇಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹೋಟಗಿ–ಗದಗ, ಗದಗ–ಬಳ್ಳಾರಿ, ಗದಗ–ಹುಬ್ಬಳ್ಳಿ–ಲೋಂಡಾ, ಹುಬ್ಬಳ್ಳಿ–ಹರಿಹರ ಸಾಲುಗಳು ಬಂದವು. 1888ರ ಹೊತ್ತಿಗೆ ಘಟ್ಟ ಇಳಿದು ಮರ್ಮಗೋವಾ ಬಂದರದವರೆಗೆ ಹಳಿ ಮುಟ್ಟಿತ್ತು. ಹುಬ್ಬಳ್ಳಿ ಕಾರ್ಖಾನೆಯೂ ಆ ಕಾಲದ್ದೇ.

ಹಾಕಿದ್ದು ಮೀಟರ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಬ್ರಾಡ್‌ಗೇಜಿನ 1676 ಮಿಲಿಮೀಟರಿಗೆ ಹೋಲಿಸಿದರೆ ಏರಿ ಸಣ್ಣದು, ಸೇತುವೆ ಹಗುರ, ತಿರುವು ಬಿಗಿಯಾಗಿದ್ದರೂ ನಡೆಯುತ್ತದೆ. ಕಡಿಮೆ ಖರ್ಚಿನ ಈ ಲೆಕ್ಕವೇ ಊರುಗಳ ಹಣೆಬರಹ ಬರೆದದ್ದು. ಎಂಜಿನಿಯರರು ಊರಿಂದ ಊರಿಗೆ ಗೆರೆ ಎಳೆಯಲಿಲ್ಲ. ಹಳ್ಳಗಳನ್ನು ಆದಷ್ಟು ಕಡಿಮೆ ದಾಟುವಂತೆ, ದಿಬ್ಬದ ನೆತ್ತಿ ಹಿಡಿದು, ಏರು ತಪ್ಪಿಸಿ ಎಳೆದರು. ನಮ್ಮ ಹಳ್ಳಿಗಳೋ ನೀರು ಹುಡುಕಿಕೊಂಡು ಹಳ್ಳದ ದಂಡೆಗೆ ಕೂತವು. ಹೀಗಾಗಿ ಠೇಶನ್ನು ಒಂದು ಕಡೆ, ಊರು ಇನ್ನೊಂದು ಕಡೆ. ಸವಣೂರು ಹೆಸರಿನ ಠೇಶನ್ನಿಂದ ಸವಣೂರು ಪಟ್ಟಣ ದೂರ. ಲಕ್ಷ್ಮೇಶ್ವರದವರಿಗೆ ಯಲವಿಗಿ, ರೋಣದವರಿಗೆ ಹೊಳೆಆಲೂರು ಠೇಶನ್ನು. ಊರಿಗೂ ಹಳಿಗೂ ನಡುವಿನ ಬಯಲಿನಲ್ಲಿ ಚಕ್ಕಡಿ ಬಿಡುವ ಜಾಗ, ಟಾಂಗಾ ನಿಲ್ಲುವ ಜಾಗ, ಚಹಾ ಅಂಗಡಿ, ಖಾನಾವಳಿ, ಹಗ್ಗ-ಗೋಣಿಚೀಲದ ಅಂಗಡಿ, ಕಮ್ಮಾರಸಾಲೆ ಹುಟ್ಟಿಕೊಂಡವು. ಊರಿನ ಓಣಿಗಳು ಬಾಗಿ ಬಳುಕಿ ಹೋದರೆ ಠೇಶನ್ ರಸ್ತೆ ನೆಟ್ಟಗೆ, ಜೋಡೆತ್ತಿನ ಚಕ್ಕಡಿ ಒಂದೇ ಸುತ್ತಿಗೆ ಹೊರಳುವಷ್ಟು ಅಗಲ. ಇವತ್ತಿಗೂ ಆ ಅಗಲ ನೋಡಿಯೇ ಹಳೆಯ ಠೇಶನ್ ಪ್ಯಾಟಿ ಎಲ್ಲಿತ್ತೆಂದು ಹೇಳಬಹುದು.

ಮೊದಲ ಕಾರಣ ನೀರು. ಉಗಿ ಎಂಜಿನ್ನಿಗೆ ಕಲ್ಲಿದ್ದಲಿಗಿಂತ ಬೇಗ ತೀರುವುದು ನೀರು. ಹಿಂಬದಿಯ ಟೆಂಡರಿನಲ್ಲಿ, ಅಂದರೆ ನೀರು-ಕಲ್ಲಿದ್ದಲು ಹೊರುವ ಬಂಡಿಯಲ್ಲಿ, ಸಾವಿರಾರು ಗ್ಯಾಲನ್ ಹೊತ್ತರೂ ಹೊರೆ ಎಳೆದು ಏರು ಹತ್ತುವಾಗ ಅದು ಹೊಗೆಕೊಳವೆಯಿಂದ ಉಗಿಯಾಗಿ ಹೋಗುತ್ತಲೇ ಇರುತ್ತದೆ. ಅದಕ್ಕೇ ದಾರಿಯುದ್ದಕ್ಕೂ ಆಯ್ದ ಠೇಶನ್ನುಗಳಲ್ಲಿ ಕಲ್ಲುಕಟ್ಟಿನ ಮೇಲೆ ಕಬ್ಬಿಣದ ಟಾಕಿ, ಪ್ಲಾಟ್‌ಫಾರ್ಮಿನ ತುದಿಗೆ ಆನೆಯ ಸೊಂಡಿಲಿನಂತೆ ತಿರುಗುವ ನೀರಿನ ಕಂಬ. ಎಂಜಿನ್ ಸರಿಯಾಗಿ ಅದರ ಕೆಳಗೇ ನಿಲ್ಲಬೇಕು, ಸೊಂಡಿಲು ತಿರುಗಿಸಿ ಟೆಂಡರಿನ ಬಾಯಿಗೆ ಇಳಿಬಿಡಬೇಕು, ಗಾಲಿ ತಿರುಗಿಸಿ ನೀರು ಬಿಡಬೇಕು. ಅಷ್ಟರಲ್ಲಿ ಬೂದಿ ಕೆದರುವುದು, ಕೀಲುಗಳಿಗೆ ಎಣ್ಣೆ ಬಿಡುವುದು.

ಇಲ್ಲಿ ನಮ್ಮ ನೆಲದ ತಕರಾರು ಶುರು. ಎರೆಭೂಮಿಯ ಬಾವಿ ನೀರು ಬಹಳ ಕಡೆ ಸವಳು. ಬಚ್ಚಲ ಹಂಡೆಯ ಒಳಮೈಗೆ ವರ್ಷಗಟ್ಟಲೆ ಕಟ್ಟಿಕೊಳ್ಳುವ ಬಿಳಿ ಪದರ ಎಲ್ಲರಿಗೂ ಗೊತ್ತು. ಬಾಯ್ಲರಿನೊಳಗೂ ಅದೇ ಆಗುತ್ತದೆ. ಬೆಂಕಿಯ ಶಾಖ ಹೊತ್ತ ಕೊಳವೆಗಳ ಮೇಲೆ ಆ ಪದರ ಕೂತರೆ ಶಾಖ ನೀರಿಗೆ ದಾಟುವುದಿಲ್ಲ. ಕಲ್ಲಿದ್ದಲು ಹೆಚ್ಚು ಉರಿಯುತ್ತದೆ, ಕೊಳವೆಯ ಕಬ್ಬಿಣವೇ ಸುಟ್ಟು ಸೋರುತ್ತದೆ. ಉಪ್ಪು ಜಾಸ್ತಿಯಾದರೆ ಬಾಯ್ಲರ್ ನೀರು ಹಾಲಿನಂತೆ ನೊರೆಯೇಳುತ್ತದೆ, ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಉಗಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ನಿನ ಹೊಡೆತಕ್ಕೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಆದ್ದರಿಂದ ಸಿಹಿನೀರಿನ ನೆಲೆಗೆ ರೈಲ್ವೆಯಲ್ಲಿ ಭಾರೀ ಬೆಲೆ. ಹೊಳೆಆಲೂರಿನ ಪಕ್ಕ ಮಲಪ್ರಭೆ, ಕರ್ಜಗಿಯ ಬಳಿ ವರದೆ, ಹರಿಹರಕ್ಕೆ ತುಂಗಭದ್ರೆ. ಬೇರೆ ಕಡೆ ಆಳದ ಬಾವಿ, ಕಲ್ಲಿನ ಕಟ್ಟೆ, ಪಂಪು ನಡೆಸುವ ಆಳು. ಬೇಸಿಗೆಯಲ್ಲಿ ಊರಿನ ಬಾವಿ ಬತ್ತಿದಾಗ ಠೇಶನ್ನಿನ ನಲ್ಲಿಯೇ ಜನಕ್ಕೆ ಆಸರೆ. ಈ ಉಪಕಾರ ಯಾವ ಕಾಗದದಲ್ಲೂ ದಾಖಲಾಗಿಲ್ಲ.

ಎರಡನೆಯ ಕಾರಣ ಒಂಟಿ ಹಳಿ. ಎರಡು ಠೇಶನ್ನುಗಳ ನಡುವೆ ಒಂದೇ ಹಳಿ ಇರುವಾಗ ಎದುರುಬದುರು ಎರಡು ಗಾಡಿ ಬರದಂತೆ ತಡೆಯುವುದು ಹೇಗೆ? ಬಹುಕಾಲ ಇದಕ್ಕೆ ಉತ್ತರ ನೀಲ್ ಹೆಸರಿನ ಟೋಕನ್ ಯಂತ್ರ ಮತ್ತು ಅಂಗೈಯಲ್ಲಿ ಹಿಡಿಯುವಂಥ ಒಂದು ಲೋಹದ ಗುಂಡು. ಆ ಗುಂಡಿನ ಮೇಲೆ ಎರಡು ಠೇಶನ್ನುಗಳ ಗುರುತು ಕೆತ್ತಿರುತ್ತದೆ. ಎರಡೂ ಕಡೆ ಒಂದೊಂದು ಯಂತ್ರ, ನಡುವೆ ತಂತಿ. ಈಚೆಯ ಮಾಸ್ತರರು ಗಂಟೆ ಬಾರಿಸಿ ಕೇಳಬೇಕು, ಆಚೆಯವರು ಒಪ್ಪಿ ತಮ್ಮ ಹಿಡಿಕೆ ತಿರುಗಿಸಬೇಕು, ಆಗಷ್ಟೇ ಈಚೆಯ ಯಂತ್ರದಿಂದ ಒಂದು ಗುಂಡು ಉರುಳಿ ಹೊರಬರುತ್ತದೆ. ಅದು ಹೊರಗಿರುವವರೆಗೆ ಎರಡೂ ಯಂತ್ರಗಳಿಗೆ ಬೀಗ. ಇನ್ನೊಂದು ಗುಂಡು ಸಿಗುವುದಿಲ್ಲ. ಗುಂಡು ಕೈಯಲ್ಲಿಲ್ಲದೆ ಚಾಲಕ ಹೊರಡುವಂತಿಲ್ಲ. ಸರಳವಾದ, ಗಟ್ಟಿಯಾದ ಏರ್ಪಾಡು. ಲಕ್ಷಾಂತರ ಜೀವ ಉಳಿಸಿದ ಈ ಗುಂಡಿಗೆ ನಮ್ಮಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲ ಎಂದೇ ಅನಿಸುತ್ತದೆ.

ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಕಟ್ಟುತ್ತಿದ್ದರು. ನಿಲ್ಲದ ಗಾಡಿಯಾದರೆ ವೇಗ ಇಳಿಸಿಕೊಂಡು ಬರುತ್ತದೆ. ಎಂಜಿನ್ನಿನಿಂದ ಒಬ್ಬ ಹೊರಗೆ ಬಾಗಿ ಹಳೆಯ ಬಳೆ ಎಸೆಯುತ್ತಾನೆ, ಪಾಯಿಂಟ್ಸ್‌ಮನ್ ಎತ್ತಿ ಹಿಡಿದ ಹೊಸ ಬಳೆಗೆ ತೋಳು ತೂರಿಸುತ್ತಾನೆ. ರಾತ್ರಿಯಾದರೆ ಪಕ್ಕದಲ್ಲಿ ಪಂಜು. ತೋಳು ತಪ್ಪಿದರೆ ಗಾಡಿ ನಿಲ್ಲಿಸಿ, ಹಿಂದೆ ನಡೆದು, ಬಳೆ ಹೆಕ್ಕಿ ತರಬೇಕು. ಹಳೆಯ ಗುಂಡನ್ನು ಎಸೆಯಲು ಮರೆತು ಮುಂದಕ್ಕೆ ಒಯ್ದರೆ ಇನ್ನೂ ಕಷ್ಟ: ಅದು ಮರಳಿ ಬಂದು ಯಂತ್ರಕ್ಕೆ ಬೀಳುವವರೆಗೆ ಹಿಂದಿನ ಸಾಲಿನ ಬೀಗ ತೆರೆಯುವುದಿಲ್ಲ. ತಂತಿ ಕಡಿದರೆ ಫೋನಿನಲ್ಲಿ ಇಬ್ಬರು ಮಾಸ್ತರರೂ ತಮ್ಮ ಗುಟ್ಟಿನ ಸಂಖ್ಯೆ ಹೇಳಿ, ಬರೆದುಕೊಂಡು, ಕಾಗದದ ಮೇಲೆ ಲೈನ್ ಕ್ಲಿಯರ್, ಅಂದರೆ ಮುಂದೆ ಹೋಗುವ ಅನುಮತಿ, ಕೊಡಬೇಕು. ಮಳೆಗಾಲದಲ್ಲಿ ಇದಕ್ಕೆಲ್ಲ ಹಿಡಿಯುವ ಹೊತ್ತು ಕೇಳಬೇಡಿ.

ಎದುರು ಗಾಡಿ ಬರಬೇಕಾದರೆ ಮೊದಲು ಬಂದದ್ದು ಠೇಶನ್ನಿನ ಪಕ್ಕದ ಲೂಪ್ ಹಳಿಗೆ ಸರಿದು ಕಾಯಬೇಕು. ಹತ್ತು ನಿಮಿಷವೂ ಆಗಬಹುದು, ಮುಕ್ಕಾಲು ತಾಸೂ ಆಗಬಹುದು. ಠೇಶನ್ ಊರಿನ ಚಿಲ್ಲರೆ ವ್ಯಾಪಾರ ನಿಂತಿದ್ದೇ ಈ ಕಾಯುವಿಕೆಯ ಮೇಲೆ. ಮಿರ್ಚಿ, ಗಿರಮಿಟ್ಟು, ಹುರಿದ ಶೇಂಗಾ, ಕುದಿಯುವ ಚಹಾ, ಸವಣೂರಿನ ಎಲೆ. ಗಾಡಿ ಎರಡು ನಿಮಿಷ ನಿಂತರೆ ಇಳಿಯುವವರು ಮಾತ್ರ ಇಳಿಯುತ್ತಾರೆ. ಇಪ್ಪತ್ತು ನಿಮಿಷ ನಿಂತರೆ ಹಸಿದವರೆಲ್ಲ ಇಳಿಯುತ್ತಾರೆ.

ಇದೇ ಸಾಲಿನ ಕುಂದಗೋಳವನ್ನು ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಸವಾಯಿ ಗಂಧರ್ವರ ಬಳಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಅಲ್ಲಿಗೆ ರೈಲಿನಲ್ಲೇ ಹೋಗಿಬರುತ್ತಿದ್ದರು. ಹೋಗುವ ಗಾಡಿಗೂ ಮರಳುವ ಗಾಡಿಗೂ ನಡುವೆ ಸಿಕ್ಕಷ್ಟು ಹೊತ್ತೇ ಪಾಠ. ಒಂದು ಸಣ್ಣ ಠೇಶನ್ನು, ಹೊತ್ತಿಗೆ ಸರಿಯಾಗಿ ನಿಲ್ಲುವ ಎರಡು ಪ್ಯಾಸೆಂಜರ್ ಗಾಡಿ ಇದ್ದರೆ ಏನೇನು ಸಾಧ್ಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಹತ್ತಿ. ನಿಜವಾದ ದುಡ್ಡು ಇದ್ದದ್ದು ಇಲ್ಲಿ. ರೈಲು ಬರುವ ಮುಂಚೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ, ಕಾರವಾರಗಳಲ್ಲಿ ಹಡಗು ಹತ್ತುತ್ತಿತ್ತು. ಮುಂಬೈ ಪೇಟೆಯಲ್ಲಿ ನಮ್ಮ ಜವಾರಿ ಹತ್ತಿಗೆ ಕುಮಟಾ ಹತ್ತಿ ಎಂದೇ ಹೆಸರು. ಬೆಳೆದ ನೆಲದ ಹೆಸರು ಅಳಿಸಿ ಬಂದರದ ಹೆಸರು ನಿಂತಿತು. ಹಳಿ ಬಂದ ಮೇಲೆ ಸರಕು ರೈಲಿಗೆ ತಿರುಗಿತು, ಹೆಸರು ಮಾತ್ರ ಹಾಗೇ ಉಳಿಯಿತು.

ಕಾಳು ಬಿಡಿಸುವ ಜಿನ್ನು, ಅರಳೆ ಒತ್ತುವ ಪ್ರೆಸ್ಸು ಠೇಶನ್ನಿನ ಮಗ್ಗುಲಲ್ಲೇ ಯಾಕೆ? ಲೆಕ್ಕ ನೋಡಿ. ಹೊಲದಿಂದ ಅಂಡಿಗೆ ಕಟ್ಟಿ ತಂದ 100 ಕಿಲೋ ಹತ್ತಿಯಲ್ಲಿ ಅರಳೆ ಇರುವುದು ಮೂರನೆಯ ಒಂದು ಪಾಲು, ಜವಾರಿ ಹತ್ತಿಯಲ್ಲಿ ಅದಕ್ಕೂ ಕಮ್ಮಿ. ಉಳಿದದ್ದು ಹತ್ತಿಕಾಳು. ಕಾಳನ್ನು ಮುಂಬೈಗೆ ಒಯ್ದು ಬಾಡಿಗೆ ತೆರುವುದು ದಂಡ; ಅದು ಇಲ್ಲೇ ಎಣ್ಣೆಗೆ, ಎತ್ತು ಎಮ್ಮೆಗಳ ಮೇವಿಗೆ ಬೇಕು. ಬಿಡಿಸಿದ ಅರಳೆಯೋ ಮೋಡದಂಥದು: ವ್ಯಾಗನ್ನಿನ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ. ಅದಕ್ಕೆ ಪ್ರೆಸ್ಸಿನಲ್ಲಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು ಬೇಲು ಕಟ್ಟಬೇಕು. ಆಗಿನ ಒಂದು ಬೇಲು 392 ಪೌಂಡು, ಅಂದರೆ ಸುಮಾರು 178 ಕಿಲೋ; ಈಗಿನ ಬೇಲು 170 ಕಿಲೋ. ಬೇಲಿನ ಮೇಲೆ ಪ್ರೆಸ್ಸಿನ ಗುರುತು. ನೀರು ಚಿಮುಕಿಸಿ ತೂಕ ಏರಿಸಿದ ಅರಳೆ ಬೇಲಿನೊಳಗೆ ಬಣ್ಣಗೆಟ್ಟು ಮುಗ್ಗುತ್ತದೆ, ಆ ಗುರುತಿನ ಬೆಲೆ ಪೇಟೆಯಲ್ಲಿ ಬೀಳುತ್ತದೆ. ಕಿಡಿ ಹೊಕ್ಕರಂತೂ ಕಥೆಯೇ ಬೇರೆ: ಒತ್ತಿದ ಬೇಲು ಧಗ್ಗೆಂದು ಉರಿಯದೆ ಒಳಗೊಳಗೇ ಸುಡುತ್ತಾ ದಿನಗಟ್ಟಲೆ ಇರುತ್ತದೆ, ಮೇಲೆ ನೀರು ಹೊಯ್ದರೆ ಒಳಗೆ ಇಳಿಯುವುದೇ ಇಲ್ಲ.

ವ್ಯಾಗನ್ನು ಗೂಡ್ಸ್ ಶೆಡ್ಡಿಗೆ ಬಂದು ನಿಂತಾಗಿನಿಂದ ಗಡಿಯಾರ ಓಡಲು ಶುರು. ಕೊಟ್ಟ ತಾಸುಗಳೊಳಗೆ ಹಮಾಲರು ತುಂಬದಿದ್ದರೆ ವ್ಯಾಗನ್ನಿಗೆ ಡೆಮರೇಜು ಎಂಬ ದಂಡ, ಇಳಿಸಿದ ಸರಕನ್ನು ಎತ್ತದಿದ್ದರೆ ಜಾಗಕ್ಕೆ ವಾರ್ಫೇಜು ಎಂಬ ದಂಡ. ತುಂಬಿದ ಮೇಲೆ ಬಾಗಿಲಿಗೆ ಸೀಲು, ಅಡತಿ ಅಂಗಡಿಯವರ ಕೈಗೆ ಬಿಲ್ಟಿ, ಅಂದರೆ ಸರಕಿನ ರಸೀದಿ. ಆ ಬಿಲ್ಟಿಯನ್ನು ಬ್ಯಾಂಕಿಗೆ ಒಪ್ಪಿಸಿ ಸರಕು ಮುಟ್ಟುವ ಮೊದಲೇ ಹಣ ಪಡೆಯಬಹುದು. ಹೀಗೆ ಒಂದು ವ್ಯಾಗನ್ನಿನ ಬೆನ್ನಿಗೆ ದಲಾಲರು, ತೂಕದವರು, ಹಮಾಲರು, ಚೀಲ ಹೊಲಿಯುವವರು, ಗುಮಾಸ್ತರು ಎಲ್ಲರೂ ಬಂದು ನೆಲೆಸಿದರು.

ನೆಲೆಸಿದವರಲ್ಲಿ ಗ್ಯಾಂಗಿನವರೂ ಸೇರಿದ್ದಾರೆ. ಎರೆಭೂಮಿಯಲ್ಲಿ ಹಳಿ ಕಾಯುವುದು ಮಸಾರಿ ನೆಲದಲ್ಲಿ ಕಾಯ್ದಂತಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಗಾಡಿಯ ಭಾರ ಬಿದ್ದಾಗೆಲ್ಲ ಖಡಿ ಕೆಳಗಿಳಿದು ಕೆಸರು ಮೇಲೆ ಬರುತ್ತದೆ. ಖಡಿಗೆ ಕೆಸರು ಕೂಡಿದರೆ ನೀರು ಬಸಿಯುವುದಿಲ್ಲ, ಹಳಿಯ ಒಂದು ಬದಿ ಕೂರುತ್ತದೆ, ಗಾಡಿ ತೂಗಾಡುತ್ತದೆ. ಮೇಲೆ ಹೊಸ ಖಡಿ ಸುರಿದರೆ ಅದನ್ನೂ ನೆಲ ನುಂಗುತ್ತದೆ. ಮೊದಲು ಪಕ್ಕದ ಗಟಾರ ತೆರವು ಮಾಡಬೇಕು, ಕೆಸರು ಹಿಡಿದ ಖಡಿ ತೆಗೆದು ಜರಡಿ ಹಿಡಿಯಬೇಕು, ಮಣ್ಣಿಗೂ ಖಡಿಗೂ ನಡುವೆ ಮೊರಂ ಹಾಸಬೇಕು. ಬೀಟರ್ ಹಿಡಿದು ಸ್ಲೀಪರಿನ ಅಡಿಗೆ ಖಡಿ ಬಡಿದು ತುಂಬುವ ಗ್ಯಾಂಗು, ಮುಂಜಾನೆ ಸುತ್ತಿಗೆ ಹೆಗಲಿಗೇರಿಸಿ ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಸಡಿಲಾದ ಕೀಲಿ ಬಡಿಯುವ ಕೀಮನ್. ಪ್ರತಿ ಐದಾರು ಕಿಲೋಮೀಟರಿಗೆ ಇಂಥದೊಂದು ತಂಡ, ಅವರ ಮನೆಗಳು. ಸಣ್ಣ ಊರಿಗೆ ತಿಂಗಳು ತಪ್ಪದೆ ಬರುತ್ತಿದ್ದ ಪಗಾರವೆಂದರೆ ಇದೇ.

ಈಗ ಒಂದೊಂದನ್ನೇ ಕಳೆಯುತ್ತಾ ಬನ್ನಿ.

ಡೀಸೆಲ್ ಎಂಜಿನ್ ಬಂದಾಗ ನೀರಿನ ಕಂಬಕ್ಕೆ ಕೆಲಸ ಹೋಯಿತು. 1980ರ ದಶಕದಲ್ಲಿ ರೈಲ್ವೆ ಬಿಡಿ ವ್ಯಾಗನ್ನಿನ ಸಾಗಣೆ ಕೈಬಿಟ್ಟು ಇಡೀ ರೇಕಿಗೆ, ಅಂದರೆ ಒಂದು ಪೂರಾ ಗಾಡಿಯಷ್ಟು ವ್ಯಾಗನ್ನುಗಳಿಗೆ, ಒತ್ತು ಕೊಟ್ಟಿತು. ರೈಲ್ವೆಯ ದೃಷ್ಟಿಯಲ್ಲಿ ಅದು ತಪ್ಪಲ್ಲ: ಬಿಡಿ ವ್ಯಾಗನ್ನು ಯಾರ್ಡಿನಿಂದ ಯಾರ್ಡಿಗೆ ಕಳಚಿ ಜೋಡಿಸುವುದರಲ್ಲೇ ದಿನ ಕಳೆಯುತ್ತಿತ್ತು. ಆದರೆ ಬ್ರಾಡ್‌ಗೇಜಿನ 42 ಮುಚ್ಚಿದ ವ್ಯಾಗನ್ನುಗಳ ಒಂದು ರೇಕು ಎಂದರೆ ಎರಡೂವರೆ ಸಾವಿರ ಟನ್ನಿನ ಆಸುಪಾಸು. ಸಿಮೆಂಟು, ಗೊಬ್ಬರ, ಅದಿರಿನವರು ಅಷ್ಟು ತುಂಬಬಲ್ಲರು. ಯಲವಿಗಿಯ, ಅಣ್ಣಿಗೇರಿಯ ಅಡತಿ ಅಂಗಡಿಯವರು ಎಲ್ಲಿಂದ ತುಂಬಬೇಕು? ಲಾರಿ ಜಿನ್ನಿನ ಬಾಗಿಲಿಗೇ ಬಂದು ಹತ್ತು ಟನ್ ಎತ್ತಿಕೊಂಡು ಗಿರಣಿಯ ಬಾಗಿಲಿಗೇ ಇಳಿಸಿತು. ವ್ಯಾಪಾರಸ್ಥರು ರೈಲನ್ನು ಬಿಟ್ಟರು ಎನ್ನುವವರಿದ್ದಾರೆ. ಸಣ್ಣ ಸರಕನ್ನು ಮೊದಲು ಬಿಟ್ಟದ್ದು ರೈಲು ಎಂಬುದು ನನ್ನ ಖಚಿತ ಅಭಿಪ್ರಾಯ.

1990ರ ದಶಕದ ನಡುವೆ ಬೆಂಗಳೂರು–ಹುಬ್ಬಳ್ಳಿ, ಹುಬ್ಬಳ್ಳಿ–ಗದಗ–ಗುಂತಕಲ್ ಸಾಲುಗಳು ಬ್ರಾಡ್‌ಗೇಜ್ ಆದವು. ಗದಗ–ಹೋಟಗಿ ದಾರಿಯ ಕೆಲಸ ಮುಂದಿನ ದಶಕದ ಕೊನೆಯವರೆಗೂ ಎಳೆಯಿತು. ಗೇಜು ಬದಲಿಸುವುದು ಬೇಕೇ ಬೇಕಿತ್ತು. ಹೋಟಗಿ, ಗುಂತಕಲ್ಲುಗಳಲ್ಲಿ ಒಂದು ಗೇಜಿನ ಗಾಡಿಯಿಂದ ಇನ್ನೊಂದಕ್ಕೆ ಚೀಲ ಹೊತ್ತು ಹಾಕುವ ಶ್ರಮ, ಹಾಳಾಗುವ ಮಾಲು ಯಾರಿಗೂ ಬೇಡ. ಪೆಟ್ಟು ಬಿದ್ದದ್ದು ಕೆಲಸ ನಡೆದಷ್ಟು ಕಾಲ ಗಾಡಿ ಬಂದ್ ಆಗಿದ್ದರಿಂದ. ಶಾಲೆ, ಕೋರ್ಟು, ಸಂತೆಗೆ ಹೋಗುವವರು ಬಸ್ಸಿನ ಹೊತ್ತಿಗೆ ತಮ್ಮ ದಿನವನ್ನು ಹೊಂದಿಸಿಕೊಂಡರು. ಹಾಗೆ ಒಮ್ಮೆ ಹೊಂದಿಸಿಕೊಂಡವರು ತಿರುಗಿ ಬರಲಿಲ್ಲ.

ಆಮೇಲೆ ಟೋಕನ್ ಹೋಗಿ ಗುಂಡಿ ಒತ್ತುವ ಪ್ಯಾನೆಲ್ ಬಂತು. ಜೋಡಿ ಹಳಿ ಬಂದು ಎದುರು ಗಾಡಿಗೆ ಕಾಯುವುದೇ ಇಲ್ಲವಾಯಿತು. ಖಡಿ ಬಡಿಯಲು ಯಂತ್ರ ಬಂತು, ಗ್ಯಾಂಗಿನ ಮನೆಗಳ ಹಂಚು ಒಂದೊಂದಾಗಿ ಬಿದ್ದವು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿದಾಗ ಎಕ್ಸ್‌ಪ್ರೆಸ್ ಹೆಸರು ಹೊತ್ತು ಬಂದವು. 10 ರೂಪಾಯಿ ಇದ್ದ ಕನಿಷ್ಠ ದರ 30 ಆಯಿತು, 2024ರಲ್ಲಿ ಮತ್ತೆ ಇಳಿಯಿತು. ಪಕ್ಕದೂರಿನ ಶಾಲೆಗೋ ಕೂಲಿಗೋ ಹೋಗುವವರಿಗೆ ಆ ನಾಲ್ಕು ವರ್ಷದಲ್ಲಿ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ.

ಎಲ್ಲ ಊರೂ ಒಂದೇ ತರಹ ಸೊರಗಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಹಳಿಯನ್ನು ನೆಚ್ಚಿ ಕೂರಲಿಲ್ಲ. ತನ್ನ ಮಾಲಿನ ಬಣ್ಣಕ್ಕೇ ಖರೀದಿದಾರರು ಹುಡುಕಿಕೊಂಡು ಬಂದರು, ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಎದ್ದವು. ಹುಲಕೋಟಿಗೆ ಸಹಕಾರಿ ನೂಲಿನ ಗಿರಣಿ ಬಂತು. ರೈಲ್ವೆಯ ಕಾರಣಗಳಷ್ಟನ್ನೇ ನಂಬಿದ್ದ ಊರುಗಳೇ ಹೆಚ್ಚು ಬಡವಾದವು.

ನಿಲುಗಡೆ ಕೊಡಿ ಎಂದು ಈಗಲೂ ಮನವಿಗಳು ಹೋಗುತ್ತವೆ. ಒಂದು ಮಾತು ಗಮನಿಸಬೇಕು: ಎರಡು ನಿಮಿಷದ ನಿಲುಗಡೆಗೆ ವೇಗ ಇಳಿಸಿ ಏರಿಸುವುದೂ ಸೇರಿ ಗಾಡಿಗೆ ಐದಾರು ನಿಮಿಷ ಖರ್ಚು. ದೂರದ ಗಾಡಿಯನ್ನು ನಡುರಾತ್ರಿ ನಿಲ್ಲಿಸಿಕೊಂಡರೆ ಟಿಕೆಟ್ ಹರಿಯುವುದಿಲ್ಲ. ಆರು ತಿಂಗಳಿಗೆ ಅದೇ ಲೆಕ್ಕ ತೋರಿಸಿ ನಿಲುಗಡೆ ಕಿತ್ತುಕೊಳ್ಳುತ್ತಾರೆ. ಕೇಳಬೇಕಾದದ್ದು ಮುಂಜಾನೆ ಎಂಟೂವರೆಯೊಳಗೆ ಹುಬ್ಬಳ್ಳಿಗೋ ಗದಗಕ್ಕೋ ಮುಟ್ಟಿಸಿ ಸಂಜೆ ಆರಕ್ಕೆ ಮರಳಿ ಬಿಡುವ ಗಾಡಿ. ಗದಗ–ಯಲವಿಗಿ ಹೊಸ ಮಾರ್ಗದ ಬೇಡಿಕೆಗೆ ಬಲ ಇರುವುದೂ ಇದಕ್ಕೇ. ಲಕ್ಷ್ಮೇಶ್ವರಕ್ಕೆ ರೈಲು ಸಿಗುವುದು ಒಂದು. ಯಲವಿಗಿ ಜಂಕ್ಷನ್ ಆದರೆ ಗಾಡಿ ನಿಲ್ಲಲು ಒಂದು ಹೊಸ ಕಾರಣ ಹುಟ್ಟುವುದು ಇನ್ನೊಂದು.

ಹಳೆಯದು ಎಷ್ಟು ಉಳಿದಿದೆ ಎಂದು ನೋಡಹೊರಟವರಿಗೆ ಕೆಲವು ಗುರುತುಗಳು. ಪ್ಲಾಟ್‌ಫಾರ್ಮಿಗಿಂತ ತಗ್ಗಿನಲ್ಲಿರುವ ಕಲ್ಲಿನ ಕಟ್ಟಡ ಕಂಡರೆ ಅದು ಮೀಟರ್‌ಗೇಜ್ ಕಾಲದ್ದು. ಎತ್ತರದ ಬ್ರಾಡ್‌ಗೇಜ್ ಬೋಗಿಗೆ ತಕ್ಕಂತೆ ನೆಲ ಏರಿಸಿದ್ದಾರೆ. ಹಳಿಯೇ ಇಲ್ಲದ ಕಡೆ ಎದೆಮಟ್ಟದ ಕಲ್ಲುಕಟ್ಟೆ, ಮೇಲೆ ತಗಡಿನ ಮಾಡು ಇದ್ದರೆ ಅದು ಗೂಡ್ಸ್ ಶೆಡ್ಡು. ಜಾಲಿ ಬೆಳೆದ ಬಯಲಿನ ನಡುವೆ ಇಟ್ಟಿಗೆಯ ಚಿಮಣಿ ಕಂಡರೆ ಅದರ ಬುಡದಲ್ಲಿ ಜಿನ್ನಿನ ಗೋಡೆ ಇರುತ್ತದೆ. ಟಾಕಿಯ ಕಬ್ಬಿಣ ಗುಜರಿಗೆ ಹೋಗಿದ್ದರೂ ಅದನ್ನು ಹೊತ್ತಿದ್ದ ಕಲ್ಲುಕಟ್ಟು ಸಾಮಾನ್ಯವಾಗಿ ಉಳಿದಿದೆ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಪಕರಣಗಳನ್ನು ಇಟ್ಟಿದ್ದಾರೆ. ಅವನ್ನು ಮೊದಲು ನೋಡಿ ಹೊರಟರೆ ಬಯಲಿನಲ್ಲಿ ಬಿದ್ದಿರುವುದು ಯಾವುದರ ಚೂರು ಎಂದು ತಿಳಿಯುತ್ತದೆ.

ಹಳೆಯ ಹಳಿಯೂ ಅಷ್ಟೆ, ಪೂರಾ ಹೋಗಿಲ್ಲ. ಬೇಲಿಯ ಕಂಬವಾಗಿ, ದೀಪದ ಕಂಬವಾಗಿ, ಮನೆಯ ತೊಲೆಯಾಗಿ ನಿಂತಿದೆ. ಸುತ್ತಲ ಹಳ್ಳಿಗಳ ಶಾಲೆಯಲ್ಲಿ ಬೇವಿನ ಗಿಡಕ್ಕೆ ಇಳಿಬಿಟ್ಟು ಬಾರಿಸುವ ಗಂಟೆ ಎಷ್ಟೋ ಕಡೆ ಹಳಿಯ ತುಂಡೇ. ಅಂಥದು ಕಂಡರೆ ಅದರ ನಡುಪಟ್ಟಿಯ ಮಗ್ಗುಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಗುರವಾಗಿ ಸವರಿ. ಉಬ್ಬು ಅಕ್ಷರಗಳು ಬಿಳಿಯಾಗಿ ಏಳುತ್ತವೆ: ಹಳಿ ತಯಾರಾದ ಕಾರ್ಖಾನೆಯ ಗುರುತು, ಇಸವಿ. ತುಂಡು ಸಣ್ಣದಾಗಿದ್ದರೆ ಇಸವಿಯ ಎರಡು ಅಂಕಿ ಮಾತ್ರ ಸಿಗಬಹುದು. ಅದನ್ನು ಬರೆದಿಟ್ಟುಕೊಳ್ಳಿ, ಶಾಲೆಯ ಮಾಸ್ತರರಿಗೂ ತೋರಿಸಿ.